ಐದಕ್ಕೆ ಎದ್ದವನಿಗೆ ಕಾಫಿ ಯಾರು ಕೊಟ್ಟರು?

(ನಮ್ಮೂರ ಗ್ರಂಥಾಲಯದಲ್ಲಿ ತಿಂಗಳಿಗೊಮ್ಮೆ ಸೇರುವ ಓದುಗರ ಕೂಟದಲ್ಲಿ ಆಡಿದ ಮಾತು. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ನಡುವೆ ಮೈಕು ಕೈಕೊಟ್ಟಾಗ ಬಾಯಿಗೆ ಬಂದ ಎರಡು ಮಾತನ್ನು ಬಿಟ್ಟಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಪರಿಚಯ ಮಾಡಿಕೊಟ್ಟವರು ನನ್ನನ್ನು ದೊಡ್ಡ ಓದುಗರು ಅಂದರು. ಹಾಗೇನಿಲ್ಲ. 31 ವರ್ಷ ಬ್ಯಾಂಕಿನಲ್ಲಿದ್ದೆ, ಅದರಲ್ಲಿ ಮುಕ್ಕಾಲು ಪಾಲು ಕ್ಯಾಷ್ ಕೌಂಟರಿನಲ್ಲಿ. ವರ್ಗವಾದ ಊರಲ್ಲೆಲ್ಲ ಮೊದಲು ಬಾಡಿಗೆ ಮನೆ ಹುಡುಕಿದೆ, ಆಮೇಲೆ ಲೈಬ್ರರಿ ಹುಡುಕಿದೆ. ನಮ್ಮ ಅಪ್ಪ ಇದ್ದಿದ್ದರೆ "ಓದಿ ಓದಿ ಮರುಳಾದ ಕೂಚಂಭಟ್ಟ" ಅಂತ ಒಂದೇ ಮಾತಲ್ಲಿ ಪರಿಚಯ ಮುಗಿಸುತ್ತಿದ್ದರು.

ಮನೆಯಲ್ಲಿ ನನ್ನ ಪುಸ್ತಕದ ಬೀರುವಿಗೆ ಎರಡು ಬಾಗಿಲು. ಎಡಗಡೆ ಕಾದಂಬರಿಗಳು. ಬಲಗಡೆ ವ್ಯಕ್ತಿತ್ವ ವಿಕಸನದ ಪುಸ್ತಕಗಳು. ನನ್ನ ಮಗಳು ಅವಕ್ಕೆ "ಅಪ್ಪ ಉದ್ಧಾರ ಆಗೋ ಪುಸ್ತಕಗಳು" ಅಂತ ಹೆಸರಿಟ್ಟಿದ್ದಾಳೆ. ಸಾಹಿತ್ಯದ ಗೆಳೆಯರು ಮನೆಗೆ ಬಂದರೆ ಬಲಗಡೆ ಬಾಗಿಲು ಹಾಕಿರುತ್ತೇನೆ. ಬ್ಯಾಂಕಿನ ಗೆಳೆಯರು ಬಂದರೆ ಎಡಗಡೆಯದನ್ನು ಹಾಕಬೇಕಾಗಿಲ್ಲ, ಅವರು ಅತ್ತ ನೋಡುವುದೇ ಇಲ್ಲ.

ಈ ಎರಡು ಬಾಗಿಲಿನ ನಡುವೆ ನನ್ನ ಬದುಕು ಹೇಗೆ ಓಡಾಡಿತು ಅಂತ ಹೇಳಲು ಬಂದಿದ್ದೇನೆ. ಮೊದಲು ಒಂದು ತಮಾಷೆ. ಕುವೆಂಪು ಅವರ 'ಕಾನೂರು ಹೆಗ್ಗಡಿತಿ' ಬಂದಿದ್ದು 1936ರಲ್ಲಿ. ಡೇಲ್ ಕಾರ್ನೆಗಿಯ 'ಹೌ ಟು ವಿನ್ ಫ್ರೆಂಡ್ಸ್ ಅಂಡ್ ಇನ್‌ಫ್ಲುಯೆನ್ಸ್ ಪೀಪಲ್' ಬಂದಿದ್ದೂ 1936ರಲ್ಲೇ. ಇಲ್ಲಿ ಮಲೆನಾಡಿನ ಹೂವಯ್ಯ ಮೈಸೂರಿನಲ್ಲಿ ಓದಿ, ತಲೆ ತುಂಬ ಆದರ್ಶ ತುಂಬಿಕೊಂಡು ಊರಿಗೆ ಬರುತ್ತಾನೆ. ಅಲ್ಲಿ ಮಿಸ್ಸೌರಿಯ ರೈತನ ಮಗನೊಬ್ಬ ನ್ಯೂಯಾರ್ಕಿಗೆ ಹೋಗಿ, 1912ರಿಂದ ವೈಎಂಸಿಎಯಲ್ಲಿ ಸಂಜೆ ಹೊತ್ತು ಮಾತಾಡುವ ಕಲೆ ಹೇಳಿಕೊಟ್ಟು, ಕೊನೆಗೆ ಅದನ್ನೇ ಪುಸ್ತಕ ಮಾಡುತ್ತಾನೆ. ಕಾರ್ನೆಗಿಯ ಪುಸ್ತಕದಲ್ಲಿ ಸರಿಯಾಗಿ ಮಾತಾಡಿದವನಿಗೆಲ್ಲ ಕೆಲಸ ಕೈಗೂಡುತ್ತದೆ. ಹೂವಯ್ಯ ಬಂದ ದಾರಿಯಲ್ಲೇ ಗಾಡಿ ಉರುಳಿ ಬೆನ್ನಿಗೆ ಪೆಟ್ಟಾಗುತ್ತದೆ. ಆಮೇಲೆ ಮನೆ ಪಾಲಾಗುತ್ತದೆ.

ನಾನು ಮೊದಲು ನಂಬಿದ್ದು ಕಾರ್ನೆಗಿಯನ್ನು. ಇಪ್ಪತ್ತಾರು ವರ್ಷದವನು ಇನ್ನೇನು ಮಾಡಿಯಾನು, ಅಲ್ವಾ?

ಕಾರ್ನೆಗಿ ಹೇಳುವ ಒಂದು ಮಾತು ನಿಮಗೆ ಗೊತ್ತಿರಬಹುದು. ಯಾರಿಗೇ ಆದರೂ ಅವರ ಹೆಸರಿಗಿಂತ ಸಿಹಿಯಾದ ಶಬ್ದ ಇನ್ನೊಂದಿಲ್ಲ, ಆದ್ದರಿಂದ ಜನರನ್ನು ಹೆಸರು ಹಿಡಿದು ಮಾತಾಡಿಸಿ ಅಂತ. ನಾನು ಅರಸೀಕೆರೆ ಕಡೆಯ ಒಂದು ಶಾಖೆಯಲ್ಲಿದ್ದೆ. ಪಾಸ್‌ಬುಕ್ಕಿನಲ್ಲಿ ಹೆಸರು ಇದ್ದೇ ಇರುತ್ತದೆ. ಸೋಮವಾರದಿಂದ ಶುರು ಮಾಡಿದೆ. ಪಿಂಚಣಿಗೆ ಬರುತ್ತಿದ್ದ ಒಬ್ಬ ಅಜ್ಜಿಯ ಹೆಸರನ್ನು ನಗುನಗುತ್ತಾ ಕೂಗಿದೆ. ಅಜ್ಜಿಯ ಮುಖ ಕಪ್ಪಿಟ್ಟಿತು. "ಯಾಕಪ್ಪ, ಈ ತಿಂಗ್ಳು ದುಡ್ಡು ಬರ್ಲಿಲ್ವಾ?" ಅಂದಳು. ಕೋರ್ಟಿನವರು, ಪೊಲೀಸಿನವರು ಬಿಟ್ಟರೆ ಆ ವಯಸ್ಸಿನ ಹೆಂಗಸನ್ನು ಹೆಸರು ಹಿಡಿದು ಯಾರು ಕೂಗುತ್ತಾರೆ? ಗಂಡ ಕೂಡ ಕೂಗಿರಲಿಕ್ಕಿಲ್ಲ, 'ಏ ಇವಳೇ' ಅಂದಿರುತ್ತಾನೆ. ಹಿಂದೆ ನಿಂತಿದ್ದ ಒಬ್ಬರು "ಅಜ್ಜಿ ಅನ್ನಿ ಸಾರ್, ಸಾಕು" ಅಂದರು. ನಾನು ಅಜ್ಜಿ ಅಂದೆ. ಅವಳು ನಕ್ಕಳು. ಪಾಪ, ಕಾರ್ನೆಗಿಯ ತಪ್ಪಲ್ಲ. ಅಜ್ಜಿ, ಅಕ್ಕ, ದೊಡ್ಡಪ್ಪ ಅನ್ನುವುದೇ ಹೆಸರಿಗಿಂತ ಸಿಹಿಯಾಗಿರುವ ಊರುಗಳಿವೆ ಅಂತ ಅವನಿಗೆ ಹೇಗೆ ಗೊತ್ತಾಗಬೇಕು.

ಆದರೆ ನಾನು ಅವನಿಗೆ ಋಣಿ. ಸುಮ್ನೆ ಹೇಳುತ್ತಿಲ್ಲ. ಒಂದು ಸಲ ಸಂಜೆ ನನ್ನ ಕ್ಯಾಷ್ ಟ್ಯಾಲಿ ಆಗಲಿಲ್ಲ. ನೂರರ ನೋಟಿನ ಒಂದು ಕಟ್ಟು ಕಡಿಮೆ. ಹತ್ತು ಸಾವಿರ ರೂಪಾಯಿ. ಆಗಿನ ನನ್ನ ಒಂದು ತಿಂಗಳ ಸಂಬಳಕ್ಕಿಂತ ಜಾಸ್ತಿ. ರಾತ್ರಿ ಎಂಟರವರೆಗೂ ಎಲ್ಲರೂ ಸೇರಿ ಎಣಿಸಿದರು. ಸಿಗಲಿಲ್ಲ. ಬ್ಯಾಂಕಿನಲ್ಲಿ ನಿಯಮ ಸರಳ: ಕಡಿಮೆ ಬಿದ್ದರೆ ಕ್ಯಾಷಿಯರ್ ಕಟ್ಟಬೇಕು.

ಮನೆಗೆ ಬಂದು ಕಾರ್ನೆಗಿಯ ಇನ್ನೊಂದು ಪುಸ್ತಕ ತೆಗೆದೆ. ಚಿಂತೆ ಬಿಟ್ಟು ಬದುಕುವುದು ಹೇಗೆ ಅನ್ನುವ ಪುಸ್ತಕ, 1948ರದ್ದು. ಅದರ ಶುರುವಿನಲ್ಲೇ ವಿಲಿಯಂ ಆಸ್ಲರ್ ಎಂಬ ಡಾಕ್ಟರ ಮಾತು ಬರುತ್ತದೆ. ದೊಡ್ಡ ಹಡಗಿನಲ್ಲಿ ಕ್ಯಾಪ್ಟನ್ ಒಂದು ಗುಂಡಿ ಒತ್ತಿದರೆ ಕಬ್ಬಿಣದ ಬಾಗಿಲುಗಳು ಮುಚ್ಚಿಕೊಂಡು, ನೀರು ಒಂದು ಕೋಣೆಯಿಂದ ಇನ್ನೊಂದಕ್ಕೆ ನುಗ್ಗುವುದಿಲ್ಲ. ಹಾಗೇ ನಿನ್ನೆಯ ಬಾಗಿಲು ಹಾಕು, ನಾಳೆಯ ಬಾಗಿಲು ಹಾಕು, ಇವತ್ತಿನ ಕೋಣೆಯಲ್ಲಿ ಮಾತ್ರ ಇರು. ನಾನು ಎರಡೂ ಬಾಗಿಲು ಹಾಕಿದೆ. ನಂಬಿ, ನಿದ್ದೆ ಬಂತು. ಆ ಹಣವನ್ನು ಆಮೇಲೆ ಸಂಬಳದಲ್ಲಿ ಕಂತು ಕಂತಾಗಿ ಕಟ್ಟಿದೆ. ಆ ಕಟ್ಟು ಕೊನೆಗೂ ಸಿಗಲಿಲ್ಲ.

ಇದನ್ನು ನಾನು ಎಷ್ಟೋ ಟ್ರೈನಿಂಗ್‌ಗಳಲ್ಲಿ ಹೊಸ ಹುಡುಗರಿಗೆ ಹೇಳಿದ್ದೇನೆ. ಒಳ್ಳೇ ಪುಸ್ತಕ ಮನುಷ್ಯನನ್ನು ಹೇಗೆ ಕಾಪಾಡುತ್ತದೆ ನೋಡಿ ಅಂತ. ಈ ಕತೆಗೆ ಇನ್ನರ್ಧ ಇದೆ. ಅದು ನನಗೇ ಗೊತ್ತಾಗಿದ್ದು ಬಹಳ ವರ್ಷದ ಮೇಲೆ. ಸ್ವಲ್ಪ ಇರಿ.

ಬಲಗಡೆ ಬಾಗಿಲಿನ ಪುಸ್ತಕಗಳಲ್ಲಿ ನನಗೆ ಇವತ್ತಿಗೂ ಇಷ್ಟವಾದದ್ದು ಬೆಂಜಮಿನ್ ಫ್ರಾಂಕ್ಲಿನ್‌ನ ಆತ್ಮಕಥೆ. ಈ ಜಾತಿಯ ಪುಸ್ತಕಗಳಿಗೆಲ್ಲ ಅವನೇ ತಾತ. 13 ಗುಣಗಳ ಪಟ್ಟಿ ಮಾಡುತ್ತಾನೆ. ಮಿತವಾಗಿ ಉಣ್ಣುವುದು, ಕಡಿಮೆ ಮಾತು, ಅಚ್ಚುಕಟ್ಟು, ಹೀಗೆ. ಒಂದು ಪುಟ್ಟ ಪುಸ್ತಕದಲ್ಲಿ ಗೆರೆ ಎಳೆದು, ತಪ್ಪಿದ ದಿನ ಕಪ್ಪು ಚುಕ್ಕೆ. ವಾರಕ್ಕೊಂದು ಗುಣ. 13 ವಾರಕ್ಕೆ ಒಂದು ಸುತ್ತು, ವರ್ಷಕ್ಕೆ ನಾಲ್ಕು ಸುತ್ತು. ಮೊದಲು 12 ಗುಣ ಮಾತ್ರ ಇದ್ದವಂತೆ. ಗೆಳೆಯನೊಬ್ಬ ನಿನಗೆ ಸೊಕ್ಕು ಜಾಸ್ತಿ ಅಂದ ಮೇಲೆ ವಿನಯವನ್ನೂ ಸೇರಿಸಿದ. ಸೊಕ್ಕನ್ನು ಪೂರ್ತಿ ಗೆದ್ದೆ ಅಂದುಕೊಂಡರೂ, ನನ್ನ ವಿನಯದ ಬಗ್ಗೆಯೇ ಸೊಕ್ಕು ಬಂದೀತು ಅಂತ ಅವನೇ ಬರೆದಿದ್ದಾನೆ. ತನ್ನನ್ನು ನೋಡಿ ನಗಲು ಬರುವ ಗುರು ಅವನು. ಈಗಿನವರಿಗೆ ಆ ನಗು ಬರುವುದಿಲ್ಲ.

ಅವನ ದಿನಚರಿಯಲ್ಲಿ ಬೆಳಗ್ಗೆ ಐದಕ್ಕೆ ಏಳುವುದು ಅಂತಿತ್ತು. ಎದ್ದ ತಕ್ಷಣ ಕೇಳಿಕೊಳ್ಳಬೇಕಾದ ಪ್ರಶ್ನೆ: ಇವತ್ತು ನಾನು ಏನು ಒಳ್ಳೆಯದು ಮಾಡಲಿ? ನಾನೂ ಬ್ಯಾಂಕಿನ ಹಳೇ ಲೆಡ್ಜರ್ ಹಾಳೆಯಲ್ಲಿ ಚೌಕ ಎಳೆದೆ. ನನ್ನ ಚುಕ್ಕೆಗಳು ಒಂಬತ್ತನೇ ದಿನಕ್ಕೆ ನಿಂತವು. ಆದರೆ ಐದಕ್ಕೆ ಏಳುವುದು ನಿಲ್ಲಲಿಲ್ಲ. ವರ್ಷಗಟ್ಟಲೆ ಎದ್ದೆ. ಎದ್ದು, ಮುಖ ತೊಳೆದು, ಮೇಜಿನ ಮುಂದೆ ಕೂತು ಓದುತ್ತಿದ್ದೆ. ಐದೂಕಾಲಕ್ಕೆ ಕಾಫಿ ಬರುತ್ತಿತ್ತು. ಪೇಪರ್ ಬಂದ ಹಾಗೆ, ನಲ್ಲಿ ನೀರು ಬಂದ ಹಾಗೆ, ಬರುತ್ತಿತ್ತು. ಆಫೀಸಿನಲ್ಲಿ ಎಲ್ಲರಿಗೂ ಹೇಳಿಕೊಳ್ಳುತ್ತಿದ್ದೆ, ನಾನು ಐದಕ್ಕೆ ಏಳೋನು ಕಣ್ರೀ ಅಂತ.

ಈ ಫ್ರಾಂಕ್ಲಿನ್ ಪಟ್ಟಿಗೆ ಮರುಳಾದವನು ನಾನೊಬ್ಬನೇ ಅಲ್ಲ. ಇನ್ನೊಬ್ಬ ದೊಡ್ಡ ಮನುಷ್ಯನಿದ್ದ, ರಷ್ಯಾದ ಕಾದಂಬರಿಕಾರ. ಟಾಲ್‌ಸ್ಟಾಯ್.

ಈ ವಿಷಯ ಗೊತ್ತಾದಾಗ ನನಗೆ ಆದ ಖುಷಿ ಅಷ್ಟಿಷ್ಟಲ್ಲ. ಬೀರುವಿನ ಎರಡು ಬಾಗಿಲೂ ಒಂದೇ ಸಲ ತೆರೆದುಕೊಂಡ ಹಾಗಾಯಿತು. 1847ರಲ್ಲಿ, 18 ವರ್ಷದ ಹುಡುಗ, ಕಜಾನ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಮಲಗಿಕೊಂಡು ಡೈರಿ ಶುರು ಮಾಡುತ್ತಾನೆ. ಹೇಳಿಕೊಳ್ಳುವಂಥ ಕಾಯಿಲೆಯೂ ಅಲ್ಲ, ಸಹವಾಸ ದೋಷದಿಂದ ಬಂದದ್ದು. ಆಮೇಲೆ ತನಗೆ ತಾನೇ ನಿಯಮಗಳನ್ನು ಬರೆದುಕೊಳ್ಳುತ್ತಾನೆ. ಬೇಗ ಏಳಬೇಕು, ಬೇಗ ಮಲಗಬೇಕು, ಜೂಜಾಡಬಾರದು. ಬರೆದದ್ದನ್ನೆಲ್ಲ ಮುರಿಯುತ್ತಾನೆ. ಮತ್ತೆ ಬರೆಯುತ್ತಾನೆ. ತನ್ನ ದೌರ್ಬಲ್ಯಗಳನ್ನು ಗುರುತು ಹಾಕಲು ಒಂದು ಪುಸ್ತಕ ಇಟ್ಟು, ಅದಕ್ಕೆ ಫ್ರಾಂಕ್ಲಿನ್ ಡೈರಿ ಅಂತಲೇ ಹೆಸರಿಡುತ್ತಾನೆ. ನನ್ನದು ಒಂಬತ್ತು ದಿನ. ಅವನದು, ನಡುವೆ ಬಿಟ್ಟೂ ಹಿಡಿದೂ, ಸಾಯುವವರೆಗೆ.

1862ರಲ್ಲಿ ಅವನ ಮದುವೆ. ಅವನಿಗೆ 34, ಸೋಫಿಯಾಗೆ 18. ಮದುವೆಗೆ ಮುಂಚೆ ತನ್ನ ಹಳೇ ಡೈರಿಗಳನ್ನು ಅವಳ ಕೈಗೆ ಕೊಟ್ಟು ಓದು ಅಂದ. ಯಾವ ಯಾವ ಹೆಂಗಸರ ಜೊತೆ ಏನೇನು ಅನ್ನುವುದೆಲ್ಲ ಅದರಲ್ಲಿತ್ತು. ಗಂಡ ಹೆಂಡಿರ ನಡುವೆ ಮುಚ್ಚುಮರೆ ಇರಬಾರದು ಅನ್ನುವ ಆದರ್ಶ. ಸತ್ಯ ಹೇಳಿದವನಿಗೆ ಎದೆ ಹಗುರಾಯಿತು. ಓದಿದವಳಿಗೆ? ಆ ನೋವು ಅವಳ ಡೈರಿಯಲ್ಲಿ ವರ್ಷಗಳ ಕಾಲ ಕಾಣುತ್ತದೆ. ಹೌದು, ಅವಳೂ ಡೈರಿ ಬರೆಯುತ್ತಿದ್ದಳು. 13 ಮಕ್ಕಳನ್ನು ಹೆತ್ತು, ಎಸ್ಟೇಟಿನ ಲೆಕ್ಕ ನೋಡಿ, ಅವನ ಕೋಳಿ ಕೆದರಿದಂಥ ಕೈಬರಹವನ್ನು ಬಿಡಿಸಿ, 'ಯುದ್ಧ ಮತ್ತು ಶಾಂತಿ'ಯಂಥ ಬೃಹತ್ ಪುಸ್ತಕವನ್ನು ತಿದ್ದಿದ ಹಾಗೆಲ್ಲ ಮತ್ತೆ ಮತ್ತೆ ನಕಲು ಮಾಡಿ, ಉಳಿದ ಹೊತ್ತಿನಲ್ಲಿ.

ಇದರಲ್ಲಿ ವಿಚಿತ್ರ ಏನು ಗೊತ್ತಾ? ಡೈರಿಯ ಟಾಲ್‌ಸ್ಟಾಯ್‌ಗೆ ಕಾಣದ್ದು ಕಾದಂಬರಿಯ ಟಾಲ್‌ಸ್ಟಾಯ್‌ಗೆ ಕಾಣುತ್ತದೆ. 'ಅನ್ನಾ ಕರೆನಿನಾ'ದಲ್ಲಿ ಲೆವಿನ್ ಕೂಡ ಮದುವೆಗೆ ಮುಂಚೆ ಕಿಟಿಗೆ ಡೈರಿ ಕೊಡುತ್ತಾನೆ. ಅಲ್ಲಿ ಕಿಟಿ ಅಳುತ್ತಾಳೆ. ಕಾದಂಬರಿ ಅವಳ ಕಣ್ಣೀರಿನ ಮುಂದೆ ನಿಲ್ಲುತ್ತದೆ, ಅವನ ಪ್ರಾಮಾಣಿಕತೆಗೆ ಚಪ್ಪಾಳೆ ತಟ್ಟುವುದಿಲ್ಲ. ಅದೇ ಲೆವಿನ್‌ಗೆ ಪುಸ್ತಕದ ಕೊನೆಯಲ್ಲಿ ಬದುಕಿನ ಅರ್ಥ ಹೊಳೆಯುತ್ತದೆ. ಇನ್ನು ಮುಂದೆ ಯಾರ ಜೊತೆಯೂ ಜಗಳ ಇಲ್ಲ, ಎಲ್ಲ ಬೇರೆ ಥರ ಅಂದುಕೊಂಡು ಗಾಡಿಯಲ್ಲಿ ಮನೆಗೆ ಹೊರಡುತ್ತಾನೆ. ಗಾಡಿ ಹೊಡೆಯುವ ಇವಾನ್ ಪಕ್ಕದಿಂದ ಲಗಾಮಿಗೆ ಕೈ ಹಾಕುತ್ತಾನೆ. ಲೆವಿನ್ ತಕ್ಷಣ ಸಿಡುಕುತ್ತಾನೆ! ಜ್ಞಾನೋದಯ ಆಗಿ ಎಷ್ಟು ಹೊತ್ತಾಗಿತ್ತು? ಇನ್ನೂ ಮನೆ ಮುಟ್ಟಿರಲಿಲ್ಲ. ನಾನು ಓದಿದ ಯಾವ ವ್ಯಕ್ತಿತ್ವ ವಿಕಸನದ ಪುಸ್ತಕದಲ್ಲೂ ಈ ಇವಾನ್ ಇಲ್ಲ. ಅಲ್ಲಿ ಜ್ಞಾನೋದಯ ಆದ ಮೇಲೆ ಅಧ್ಯಾಯ ಮುಗಿಯುತ್ತದೆ, ಗಾಡಿ ಹತ್ತುವುದೇ ಇಲ್ಲ.

ಟಾಲ್‌ಸ್ಟಾಯ್‌ನ ಕೊನೆಯೂ ಹಾಗೇ. 1910ರಲ್ಲಿ, 82ನೇ ವಯಸ್ಸಿನಲ್ಲಿ, ತಾನು ನಂಬಿದಂತೆ ಬದುಕಬೇಕು ಅಂತ ರಾತ್ರೋರಾತ್ರಿ ಮನೆ ಬಿಟ್ಟ. ದಾರಿಯಲ್ಲಿ ಜ್ವರ ಬಂತು. ಅಸ್ತಾಪೊವೊ ಎಂಬ ಸಣ್ಣ ರೈಲ್ವೆ ಸ್ಟೇಷನ್ನಿನಲ್ಲಿ, ಸ್ಟೇಷನ್ ಮಾಸ್ಟರ ಮನೆಯಲ್ಲಿ ಮಲಗಿಸಿದರು. ಸೋಫಿಯಾ ಓಡಿ ಬಂದಳು. ಅವನಿಗೆ ಎಚ್ಚರ ತಪ್ಪುವವರೆಗೂ ಅವಳನ್ನು ಒಳಗೆ ಬಿಡಲಿಲ್ಲ. ಅವಳು ಹೊರಗೆ ನಿಂತು ಕಿಟಕಿಯಲ್ಲಿ ಇಣುಕುತ್ತಿರುವ ಒಂದು ಚಿತ್ರ ಉಳಿದಿದೆ. ಲೋಕಕ್ಕೆಲ್ಲ ಪ್ರೀತಿ ಬೋಧಿಸಿದವನ ಹೆಂಡತಿ, ಕಿಟಕಿಯ ಆಚೆ. ನಾನು ಅವನನ್ನು ಬೈಯುತ್ತಿಲ್ಲ. ಅವನನ್ನು ಬೈಯಲು ನಾನು ಯಾರು? ಆದರೆ ಆ ಚಿತ್ರ ನೋಡಿದ ದಿನ ರಾತ್ರಿ ಬಹಳ ಹೊತ್ತು ಓದಲಾಗಲಿಲ್ಲ.

ಈಗ ಊರಿಗೆ ಬರೋಣ.

ಭೈರಪ್ಪನವರ 'ಗೃಹಭಂಗ'ವನ್ನು ನಾನು ಮೊದಲು ಓದಿದ್ದು ಹಾಸ್ಟೆಲಿನಲ್ಲಿ, 22ನೇ ವಯಸ್ಸಿನಲ್ಲಿ. ನಂಜಮ್ಮನ ಕತೆ ನಿಮಗೆ ಗೊತ್ತು. ಶಾನುಭೋಗಿಕೆ ಗಂಡ ಚೆನ್ನಿಗರಾಯನದು, ಲೆಕ್ಕ ಬರೆಯುವವಳು ಅವಳು. ಮುತ್ತುಗದ ಎಲೆ ಹಚ್ಚಿ ಮಾರಿ ಮಕ್ಕಳನ್ನು ಸಾಕುವವಳು ಅವಳು. ಬಾಯಿ ಬಿಟ್ಟರೆ ಬೈಗುಳವೇ ಸುರಿಸುವ ಅತ್ತೆ ಗಂಗಮ್ಮನನ್ನು ಸಹಿಸುವವಳೂ ಅವಳೇ. ನನ್ನ ಬಲಗಡೆ ಬಾಗಿಲಿನ ಪುಸ್ತಕಗಳು ಏನೇನು ಹೇಳುತ್ತವೋ ಅದೆಲ್ಲ ನಂಜಮ್ಮನಲ್ಲಿದೆ. ಶ್ರಮ, ಉಳಿತಾಯ, ತಾಳ್ಮೆ, ನಾಳೆಯ ಯೋಚನೆ. ಫ್ರಾಂಕ್ಲಿನ್ ಪಟ್ಟಿಯಲ್ಲಿ ಅವಳಿಗೆ ಒಂದು ಕಪ್ಪು ಚುಕ್ಕೆ ಬೀಳುವುದೂ ಕಷ್ಟ. ಆಮೇಲೆ ಪ್ಲೇಗು ಬರುತ್ತದೆ. ಮಕ್ಕಳನ್ನು ಒಯ್ಯುತ್ತದೆ. ಕೊನೆಗೆ ಅವಳನ್ನೂ. ಇದು ಸುಮ್ಮನೆ ಕಟ್ಟಿದ ಕತೆಯೂ ಅಲ್ಲ. ಭೈರಪ್ಪನವರ ತಾಯಿ ಪ್ಲೇಗಿನಲ್ಲಿ ಹೋದವರು, ಆತ್ಮಕಥೆ 'ಭಿತ್ತಿ'ಯಲ್ಲಿ ಬರೆದಿದ್ದಾರೆ.

ಆಗ ನಾನು ಅತ್ತೆ. ಪೆನ್ಸಿಲಿನಲ್ಲಿ ನಂಜಮ್ಮನ ಮಾತುಗಳಿಗೆಲ್ಲ ಅಡಿಗೆರೆ ಹಾಕಿದೆ. ಕಷ್ಟಪಟ್ಟು ಓದುತ್ತಿದ್ದ ಹುಡುಗ ನಾನು. ನನ್ನನ್ನೇ ನಾನು ನಂಜಮ್ಮ ಅಂದುಕೊಂಡೆ. ಗಿರೀಶ ಕಾಸರವಳ್ಳಿಯವರು ಅದನ್ನು ಧಾರಾವಾಹಿ ಮಾಡಿದಾಗ ಟಿವಿ ಮುಂದೆ ಕೂತು ನೋಡಿದೆ. ಆಗಲೂ ನಾನು ನಂಜಮ್ಮನೇ.

ಐವತ್ತು ದಾಟಿದ ಮೇಲೆ ಅದೇ ಪ್ರತಿಯನ್ನು ಮತ್ತೆ ಓದಲು ಕೂತೆ. ಬೆಳಗ್ಗೆ ಐದರ ಹೊತ್ತು. ಚೆನ್ನಿಗರಾಯ ಉಣ್ಣುತ್ತಿದ್ದಾನೆ. ತನ್ನ ಹೊಟ್ಟೆ ತುಂಬಿದರೆ ಸಾಕು, ಉಳಿದವರಿಗೆ ಇದೆಯೋ ಇಲ್ಲವೋ ಅನ್ನುವ ಯೋಚನೆಯೇ ಅವನಿಗೆ ಬರುವುದಿಲ್ಲ. ಅಷ್ಟು ಹೊತ್ತಿಗೆ ನನ್ನ ಕೈಗೆ ಕಾಫಿ ಲೋಟ ಬಂತು.

ಕಾಫಿ ಲೋಟ ಹಿಡಿದುಕೊಂಡು ಹಾಗೇ ಕೂತೆ. ಐದೂಕಾಲಕ್ಕೆ ಕಾಫಿ ಬರಬೇಕಾದರೆ, ನೀರು ಕುದಿದು, ಫಿಲ್ಟರಿನಲ್ಲಿ ಡಿಕಾಕ್ಷನ್ ಇಳಿದು, ಹಾಲು ಕಾಯಬೇಕಾದರೆ, ನನ್ನ ಹೆಂಡತಿ ಎಷ್ಟಕ್ಕೆ ಏಳುತ್ತಿದ್ದಳು? ಅಡುಗೆಮನೆಗೆ ಹೋಗಿ ಕೇಳಿದೆ. "ನಾಲ್ಕೂವರೆಗೆ. ಯಾಕೆ?" ಅಂದಳು. ಎಷ್ಟು ವರ್ಷದಿಂದ ಅಂತ ಕೇಳಲು ನನಗೆ ಬಾಯಿ ಬರಲಿಲ್ಲ.

ಬಾಯಿ ಬಂದಿದ್ದು ಬೇರೆ ವಿಷಯಕ್ಕೆ. ಆ ಹತ್ತು ಸಾವಿರ ಕಡಿಮೆ ಬಿತ್ತಲ್ಲ, ಆ ರಾತ್ರಿ ನೀನು ನಿದ್ದೆ ಮಾಡಿದ್ಯಾ ಅಂದೆ. ಅವಳು ನನ್ನನ್ನು ವಿಚಿತ್ರವಾಗಿ ನೋಡಿದಳು. ನಾನು ಆಸ್ಲರ್‌ನ ಕಬ್ಬಿಣದ ಬಾಗಿಲು ಹಾಕಿಕೊಂಡು ಗೊರಕೆ ಹೊಡೆಯುತ್ತಿದ್ದಾಗ ಅವಳು ಎದ್ದು ಕೂತು ಲೆಕ್ಕ ಹಾಕುತ್ತಿದ್ದಳಂತೆ. ಮುಂದಿನ ವಾರ ಎರಡು ಬಳೆ ಗಿರವಿ ಅಂಗಡಿಗೆ ಹೋದವು. ನಮ್ಮ ಬ್ಯಾಂಕಿನಲ್ಲೇ ಚಿನ್ನದ ಸಾಲ ಸಿಗುತ್ತಿತ್ತು, ಬಡ್ಡಿಯೂ ಕಡಿಮೆ. ಆದರೆ ಅಲ್ಲಿ ಇಟ್ಟರೆ ನನ್ನ ಮಾನ ಹೋಗುತ್ತದೆ ಅಂತ ಜಾಸ್ತಿ ಬಡ್ಡಿಗೆ ಹೊರಗೆ ಇಟ್ಟಳು. ಬಳೆ ಬಿಡಿಸಿಕೊಳ್ಳಲು ಎರಡು ವರ್ಷ ಹಿಡಿಯಿತು. ಎರಡು ವರ್ಷ ಅವಳ ಕೈ ನೋಡದೆ ನಾನು ಊಟ ಮಾಡಿದ್ದೇನೆ. ನೀರು ಇನ್ನೊಂದು ಕೋಣೆಗೆ ನುಗ್ಗುವುದಿಲ್ಲ ಅಂತ ಹೇಳಿದರಲ್ಲ. ನುಗ್ಗಿತ್ತು. ಆ ಕೋಣೆಯಲ್ಲಿ ಅವಳಿದ್ದಳು.

ಅಂದಿನಿಂದ ನನಗೆ ಬಲಗಡೆಯ ಪುಸ್ತಕಗಳ ಒಂದು ಗುಟ್ಟು ಗೊತ್ತಾಯಿತು. ಅವು ಯಾವತ್ತೂ 'ನೀನು' ಅಂತ ಒಬ್ಬನ ಜೊತೆ ಮಾತಾಡುತ್ತವೆ. ಆ ನೀನು ಯಾವಾಗಲೂ ಕತೆಯ ನಾಯಕ. ನೀನು ಚೆನ್ನಿಗರಾಯ ಇರಬಹುದು ಅಂತ ಅವು ಹೇಳುವುದೇ ಇಲ್ಲ. ಹೇಳಿದರೆ ದುಡ್ಡು ಕೊಟ್ಟು ಯಾರು ತಗೋತಾರೆ, ಹೇಳಿ? ಕುವೆಂಪು 'ಮಲೆಗಳಲ್ಲಿ ಮದುಮಗಳು' ಪುಸ್ತಕದ ಬಾಗಿಲಲ್ಲೇ ಬೋರ್ಡು ಹಾಕಿದ್ದಾರೆ: "ಇಲ್ಲಿ ಯಾರೂ ಮುಖ್ಯರಲ್ಲ; ಯಾರೂ ಅಮುಖ್ಯರಲ್ಲ." ನಾನು ಇದನ್ನು ಬಹಳ ದಿನ ತತ್ವಜ್ಞಾನ ಅಂದುಕೊಂಡಿದ್ದೆ. ಅದು ಮನೆ ನಡೆಸುವ ವಿಷಯ. ಅದರಲ್ಲಿ ಬರುವ ನಾಯಿಗುತ್ತಿಯ 'ಹುಲಿಯ' ಎಂಬ ನಾಯಿ ಹೊಳೆಯಲ್ಲಿ ಕೊಚ್ಚಿಹೋದಾಗ ಓದುವವನ ಹೊಟ್ಟೆಯಲ್ಲಿ ಸಂಕಟ ಆಗುತ್ತದಲ್ಲ, ಅಷ್ಟು ಗಮನ ನಾನು ನನ್ನ ಮನೆಯೊಳಗೆ ಯಾರಿಗೆ ಕೊಟ್ಟಿದ್ದೆ?

ನ್ಯಾಯವಾಗಿ ಒಂದು ಮಾತು ಹೇಳಬೇಕು. ಈ ಪುಸ್ತಕಗಳು ಶುರುವಾದಾಗ ಹೀಗಿರಲಿಲ್ಲ. 'ಸೆಲ್ಫ್-ಹೆಲ್ಪ್' ಅನ್ನುವ ಹೆಸರಿನದೇ ಪುಸ್ತಕ ಬಂದಿದ್ದು 1859ರಲ್ಲಿ, ಸ್ಯಾಮ್ಯುಯೆಲ್ ಸ್ಮೈಲ್ಸ್ ಬರೆದದ್ದು. ಅದೇ ವರ್ಷ ಅದೇ ಪ್ರಕಾಶಕರು ಡಾರ್ವಿನ್ನನ ಪುಸ್ತಕವನ್ನೂ ತಂದರು. ಸ್ಮೈಲ್ಸ್ ಮುನ್ನುಡಿಯಲ್ಲಿ ಪುಸ್ತಕ ಹುಟ್ಟಿದ ಕತೆ ಹೇಳುತ್ತಾನೆ. ಇಂಗ್ಲೆಂಡಿನ ಲೀಡ್ಸ್ ಊರಿನಲ್ಲಿ ಎರಡು ಮೂರು ಬಡ ಹುಡುಗರು ಚಳಿಗಾಲದ ಸಂಜೆ ಒಂದು ಕಡೆ ಸೇರಿ, ಗೊತ್ತಿದ್ದವನು ಗೊತ್ತಿಲ್ಲದವನಿಗೆ ಓದು, ಲೆಕ್ಕ ಹೇಳಿಕೊಡುತ್ತಿದ್ದರು. ಜನ ಹೆಚ್ಚಾಗಿ ನೂರರ ಹತ್ತಿರ ಬಂದಾಗ, ಹಿಂದೆ ಕಾಲರಾ ಆಸ್ಪತ್ರೆಯಾಗಿದ್ದ ಒಂದು ಕೊಳಕು ಕೋಣೆಯನ್ನು ಬಾಡಿಗೆಗೆ ಹಿಡಿದರು. ಕಾಲರಾ ಭಯಕ್ಕೆ ಬೇರೆ ಯಾರೂ ಅದನ್ನು ಹಿಡಿದಿರಲಿಲ್ಲ. ಅಲ್ಲಿಗೆ ಸ್ಮೈಲ್ಸ್‌ನನ್ನು ಮಾತಾಡಲು ಕರೆದರು. ಆ ಮಾತುಗಳೇ ಬೆಳೆದು ಪುಸ್ತಕವಾದವು. ಅಂದರೆ ನಿನಗೆ ನೀನೇ ಸಹಾಯ ಮಾಡಿಕೋ ಅನ್ನುವ ಪುಸ್ತಕ ಹುಟ್ಟಿದ್ದು ಒಬ್ಬರಿಗೊಬ್ಬರು ಸಹಾಯ ಮಾಡುತ್ತಿದ್ದ ಜಾಗದಲ್ಲಿ! ಹೆಸರು ನೋಡಿ ಜನ ಇದು ಸ್ವಾರ್ಥದ ಹೊಗಳಿಕೆ ಅಂದುಕೊಂಡರು ಅಂತ ಅವನು ಆಮೇಲೆ ಬೇಜಾರು ಮಾಡಿಕೊಂಡ. ತಲೆಬರಹ ಕೆಟ್ಟರೆ ಪುಸ್ತಕದ ಹಣೆಬರಹವೂ ಕೆಡುತ್ತದೆ.

(ಮಾತು ಮುಗಿದ ಮೇಲೆ ಪ್ರಶ್ನೆಗಳಿದ್ದವು. ಎರಡನ್ನು ಮಾತ್ರ ಇಲ್ಲಿ ಬರೆಯುತ್ತೇನೆ.)

ಒಬ್ಬ ಹುಡುಗ ಎದ್ದು ಕೇಳಿದ: "ಸಾರ್, ನಾನು ಅಟಾಮಿಕ್ ಹ್ಯಾಬಿಟ್ಸ್ ಓದ್ತಾ ಇದೀನಿ. ಬಿಟ್ಬಿಡ್ಲಾ?"

ಬೇಡಪ್ಪ, ಓದು. ನಾನೂ ಓದಿದ್ದೇನೆ. ಜೇಮ್ಸ್ ಕ್ಲಿಯರ್ ಚೆನ್ನಾಗಿ ಬರೆಯುತ್ತಾನೆ. ದಿನಕ್ಕೆ ಶೇಕಡಾ 1 ಉತ್ತಮವಾದರೆ ವರ್ಷಕ್ಕೆ 37 ಪಟ್ಟು ಅನ್ನುತ್ತಾನೆ. ಚಕ್ರಬಡ್ಡಿ ಲೆಕ್ಕ, ಬ್ಯಾಂಕಿನವನಿಗೆ ಇದು ಬಿಟ್ಟರೆ ಬೇರೆ ಯಾವ ಕವಿತೆ ಬೇಕು? ಹಲ್ಲುಜ್ಜುವುದು, ನಡೆಯುವುದು, ಇಂಗ್ಲಿಷ್ ಕಲಿಯುವುದು, ಇದಕ್ಕೆಲ್ಲ ಅದು ಸರಿ. ನನಗೆ ಕಷ್ಟವಾಗಿದ್ದು ಡಿವಿಜಿಯವರ ಕಗ್ಗದ ಒಂದು ಸಾಲಿಗೆ ಆ ಲೆಕ್ಕ ಹಾಕಲು ಹೋದಾಗ. "ಮನೆಗೆ ಮಲ್ಲಿಗೆಯಾಗು" ಅಂತಾರಲ್ಲ. ನಮ್ಮ ಹಾಲಿನ ಗೋಡೆಯ ಮೇಲೆ ಅದನ್ನು ಚೌಕಟ್ಟು ಹಾಕಿಸಿ ತೂಗುಹಾಕಿದ್ದೇನೆ. ಅದೇ ಪದ್ಯದಲ್ಲಿ "ಕಲ್ಲಾಗು" ಅಂತಲೂ ಇದೆ, ಅದು ನನಗೆ ಸಲೀಸಾಗಿ ಬಂತು. ಮಲ್ಲಿಗೆ ಇವತ್ತು ಶೇಕಡಾ 1 ಜಾಸ್ತಿ ಆದೆನೋ ಇಲ್ಲವೋ ಅಂತ ನಾನು ಅಳೆಯೋಕೆ ಆಗುವುದಿಲ್ಲ. ಅದನ್ನು ಮನೆಯವರೇ ಹೇಳಬೇಕು.

ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹೆಂಗಸು, ನನಗಿಂತ ಸ್ವಲ್ಪ ದೊಡ್ಡವರೇ ಇರಬೇಕು, ಎದ್ದು ನಿಲ್ಲದೆ ಕೂತಲ್ಲಿಂದಲೇ ಕೇಳಿದರು: "ಅದೆಲ್ಲ ಇರ್ಲಿ. ಈಗ ಕಾಫಿ ಯಾರು ಮಾಡ್ತಾರೆ?"

ನಿಜ ಹೇಳುತ್ತೇನೆ ಅಕ್ಕಾ. ಆ ಬೆಳಗ್ಗೆ ನಾನು ದೊಡ್ಡ ಮಾತಾಡಿದೆ. ನಾಳೆಯಿಂದ ಕಾಫಿ ನನ್ನದು, ನೀನು ಮಲಗು ಅಂದೆ. ಅದೇ ಮಧ್ಯಾಹ್ನ ಸಾರಿಗೆ ಉಪ್ಪು ಕಡಿಮೆ ಅಂತ ಸಿಡುಕಿದೆ, ಲೆವಿನ್ ಮನೆ ಮುಟ್ಟುವ ಮೊದಲೇ ಸಿಡುಕಿದ ಹಾಗೆ. ಮಾರನೇ ದಿನ ಐದಕ್ಕೆ ಎದ್ದು ಅಡುಗೆಮನೆಗೆ ಹೋದೆ. ಪುಡಿ ಎಲ್ಲಿದೆ ಗೊತ್ತಿಲ್ಲ. ಫಿಲ್ಟರ್ ಬಿಸಿಯಾಗಿ ಕೈ ಸುಟ್ಟು, ಮುಚ್ಚಳ ಬಿದ್ದು, ಹಾಲು ಉಕ್ಕಿತು. ಅವಳು ಎದ್ದು ಬಂದಳು. ಬೈಯಲಿಲ್ಲ. ಸ್ಟೌ ಒರೆಸುತ್ತಾ ಹೇಳಿದಳು: "ನೀವು ಅಡುಗೆಮನೆಗೆ ಬಂದ್ರೆ ನನಗೆ ಎರಡು ಕೆಲ್ಸ. ನೀವು ಒಂದೇ ಒಂದು ಉಪಕಾರ ಮಾಡಿ. ಆರಕ್ಕೆ ಏಳಿ."

ಈಗ ನಾನು ಆರಕ್ಕೆ ಏಳುತ್ತೇನೆ.